ಕಾಸ್ಮಿಕ್ ಕಿರಣಕ್ಕೆ ಮೊಬೈಲ್ ಆಫ್ ಮಾಡಬೇಕೇ?

ಸಂಪಾದಕರಿಗೆ ನಮಸ್ಕಾರ.

‘ಇವತ್ತು ರಾತ್ರಿ 12.30ರಿಂದ 3.30ರವರೆಗೆ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾಯುತ್ತವೆ, ಮೊಬೈಲ್ ಆಫ್ ಮಾಡಿ’ ಎಂಬ ವಾಟ್ಸ್‌ಆ್ಯಪ್ ಸಂದೇಶ ವಿಜಯಪುರದಲ್ಲಿ ಮತ್ತೆ ಓಡಾಡುತ್ತಿದೆ. ನಾಸಾ ಹೇಳಿದೆ ಅಂತ ಬಾಲ ಬೇರೆ. ವರ್ಷಗಳಿಂದ ಸುತ್ತುತ್ತಿರುವ ಹಳೇ ಸುಳ್ಳು ಇದು. ಆದರೂ ನಮ್ಮ ಓಣಿಯ ಹಿರಿಯರೊಬ್ಬರು ಫೋನ್ ಆಫ್ ಮಾಡಿ, ಕೌದಿಯಲ್ಲಿ ಸುತ್ತಿ, ಟ್ರಂಕಿನೊಳಗೆ ಇಟ್ಟು ಮಲಗಿದರು. ಸೊಲ್ಲಾಪುರದಲ್ಲಿರುವ ಮಗಳು ಫೋನ್ ಮಾಡಿ ಮಾಡಿ ಗಾಬರಿಯಾದಳು. ಕೇಳಿದರೆ, ‘ಇರ್ಲಿ ಬಿಡ್ರಿ ಸರ, ನಮಗ್ಯಾಕ ಬೇಕು’ ಎಂದರು.

ಕಾಸ್ಮಿಕ್ ಕಿರಣ ಅಂದರೆ ಬಾಹ್ಯಾಕಾಶದಿಂದ ಭಾರೀ ವೇಗದಲ್ಲಿ ಬರುವ ಕಣಗಳು. ಅವಕ್ಕೆ ಹೊತ್ತು ಗೊತ್ತು ಇಲ್ಲ. ಹಗಲೂ ರಾತ್ರಿ ಬರುತ್ತಲೇ ಇರುತ್ತವೆ. ಅವು ವಾತಾವರಣಕ್ಕೆ ಬಡಿದಾಗ ಹುಟ್ಟುವ ಮ್ಯೂಯಾನ್ ಕಣಗಳು ನಿಮ್ಮ ಅಂಗೈಯನ್ನು ಹೆಚ್ಚುಕಡಿಮೆ ಸೆಕೆಂಡಿಗೆ ಒಂದರಂತೆ ಈಗಲೂ ದಾಟುತ್ತಿವೆ. ಕೌದಿ, ಟ್ರಂಕು ಯಾವುದೂ ಅವಕ್ಕೆ ಲೆಕ್ಕಕ್ಕಿಲ್ಲ.

ನಾಸಾ ನಿಜವಾಗಿ ಕಂಡಿದ್ದು ಇದಕ್ಕಿಂತ ಸ್ವಾರಸ್ಯದ್ದು. 2008ರಲ್ಲಿ ಹಾರಿಸಿದ ಫರ್ಮಿ ದೂರದರ್ಶಕವನ್ನು ಮಾಡಿದ್ದು ಗಾಮಾ ಕಿರಣ ನೋಡಲೆಂದು. ಆದರೆ ಹೆಚ್ಚು ಶಕ್ತಿಯ ಎಲೆಕ್ಟ್ರಾನ್ ಒಳಗೆ ನುಗ್ಗಿದರೂ ಅದರ ಟಂಗ್‌ಸ್ಟನ್ ಹಾಳೆಗಳಲ್ಲಿ ಗಾಮಾ ಕಿರಣ ಬಿದ್ದಾಗಿನ ಥರವೇ ಕಣಗಳ ಮಳೆಯಾಗುತ್ತದೆ. (ಈ ಮಳೆಯ ಲೆಕ್ಕವನ್ನು 1937ರಲ್ಲೇ ಹಾಕಿದವರಲ್ಲಿ ನಮ್ಮ ಹೋಮಿ ಭಾಭಾ ಒಬ್ಬರು.) ಬಂದ ಕಣಕ್ಕೆ ವಿದ್ಯುದಾವೇಶ ಇದೆಯೋ ಇಲ್ಲವೋ ಎಂದು ಹೊರಗಿನ ಪ್ಲಾಸ್ಟಿಕ್ ಹೊದಿಕೆ ಹೇಳಿಬಿಡುತ್ತದೆ. ಆವೇಶ ಇದ್ದರೆ ಅದು ಗಾಮಾ ಅಲ್ಲ. ಕಾಸ್ಮಿಕ್ ಕಿರಣಗಳಲ್ಲಿ ಎಲೆಕ್ಟ್ರಾನ್ ನೂರಕ್ಕೆ ಒಂದರಷ್ಟು ಮಾತ್ರ, ಉಳಿದದ್ದರಲ್ಲಿ ಪ್ರೋಟಾನೇ ಜಾಸ್ತಿ. ಸುಗ್ಗಿಯಲ್ಲಿ ರೈತರು ರಾಶಿ ತೂರಿದ ಹಾಗೆ ತೂರಿ ತೂರಿ, ಮೊದಲ ಆರು ತಿಂಗಳ ಮಾಹಿತಿಯಲ್ಲೇ 40 ಲಕ್ಷಕ್ಕೂ ಜಾಸ್ತಿ ಎಲೆಕ್ಟ್ರಾನ್ ಬೇರ್ಪಡಿಸಿದರು.

ಇಷ್ಟು ಶಕ್ತಿಯ ಎಲೆಕ್ಟ್ರಾನ್ ಬಹಳ ದೂರದಿಂದ ಬರಲಾರದು. ದಾರಿಯಲ್ಲೇ ಕಾಂತಕ್ಷೇತ್ರ, ಬೆಳಕು ಸೇರಿ ಅದರ ಕಸುವು ಹೀರಿಬಿಡುತ್ತವೆ. ಅಂದರೆ ಅದರ ಹುಟ್ಟೂರು ನಮ್ಮಿಂದ ಕೆಲವು ಸಾವಿರ ಜ್ಯೋತಿರ್ವರ್ಷದೊಳಗೇ ಇರಬೇಕು. ಅಲ್ಲಿರುವುದು ಪಲ್ಸಾರೋ (ಗಿರಗಿರನೆ ತಿರುಗುವ ಸತ್ತ ನಕ್ಷತ್ರ), ಡಾರ್ಕ್ ಮ್ಯಾಟರೋ (ಕಣ್ಣಿಗೆ ಕಾಣದ ದ್ರವ್ಯ)? ವಿಜ್ಞಾನಿಗಳ ವಾದ ಇನ್ನೂ ಮುಗಿದಿಲ್ಲ. ಸುಮಾರು 550 ಕಿ.ಮೀ. ಎತ್ತರದ ಫರ್ಮಿಯ ದಾರಿ ನಮ್ಮ ಜಿಲ್ಲೆಯ ಮೇಲೂ ಹಾಯುತ್ತದೆ. ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಅಲ್ವಾ?

ಇಂಥ ಸಂದೇಶ ಹಬ್ಬಿದರೆ ಮರುದಿನವೇ ‘ಇದು ಸುಳ್ಳು’ ಎಂದು ನಾಲ್ಕು ಸಾಲು ಹಾಕಿ. ವಿಜ್ಞಾನ ಪುಟದಲ್ಲಿ ಬೇಡ. ಅದನ್ನು ಓದುವವರು ಹೇಗೂ ಫೋನ್ ಆಫ್ ಮಾಡುವುದಿಲ್ಲ. ಜಿಲ್ಲಾ ಪುಟದಲ್ಲಿ ಮಾರುಕಟ್ಟೆ ಧಾರಣೆಯ ಪಕ್ಕದಲ್ಲಿ ಹಾಕಿ.

– ನಿವೃತ್ತ ವಿಜ್ಞಾನ ಶಿಕ್ಷಕ, ವಿಜಯಪುರ