ಮುಡಿಪು ದೇವರ ಮುಂದಿರಲಿ, ಕೂಸು ನಿನ್ನೆದೆಯ ಮೇಲಿರಲಿ

ಚಿ. ಸೌ. ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ನೀನು ಆಡಿದ್ದಕ್ಕಿಂತ ಅತ್ತಿದ್ದೇ ಹೆಚ್ಚು. ನನಗೂ ಗಂಟಲು ಕಟ್ಟಿ ಏನೂ ಹೇಳಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. 30 ವಾರಕ್ಕೇ ಹುಟ್ಟಿದ, 1,300 ಗ್ರಾಂ ತೂಕದ ಕೂಸು. ‘ನಾನೇನು ತಪ್ಪು ಮಾಡಿದೆ ದೊಡ್ಡಮ್ಮಾ’ ಅಂದೆಯಲ್ಲ, ಆ ಮಾತು ರಾತ್ರಿಯೆಲ್ಲ ಕೊರೆಯಿತು. ನೀನೇನೂ ಮಾಡಿಲ್ಲ ಮಗಳೇ. ನಿನ್ನ ಬಿ.ಪಿ. ಏರಿತ್ತು, ಹೆರಿಗೆ ಮಾಡಿಸದೆ ಬಿಟ್ಟಿದ್ದರೆ ಇಬ್ಬರಿಗೂ ಅಪಾಯವಿತ್ತು. ಗ್ರಹಣದ ದಿನ ಹೊರಗೆ ಬಂದಿದ್ದಕ್ಕೆ ಹೀಗಾಯಿತು ಅಂತ ಯಾರಾದರೂ ಅಂದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟುಬಿಡು.

ನಿಮ್ಮಮ್ಮ ನಂಜುಂಡೇಶ್ವರನಿಗೆ ಮುಡಿ ಕೊಡಿಸುವುದಾಗಿ ಹರಕೆ ಹೊತ್ತು, ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ದೇವರ ಮುಂದಿಟ್ಟಿದ್ದಾಳೆ. ನಾನೂ ದಿನಾ ದೀಪ ಹಚ್ಚಿ ಆ ಮುಡಿಪಿಗೆ ಕೈಮುಗಿಯುತ್ತೇನೆ. ಆದರೆ ಮನೆಗೆ ಬಂದ ಕೂಡಲೇ ನಂಜನಗೂಡಿಗೆ ಹೊರಡುವ ಮಾತು ಬಂದರೆ ಒಪ್ಪಬೇಡ. ನನ್ನ ಎರಡನೆಯವನೂ ದಿನ ತುಂಬುವ ಮುಂಚೆ ಹುಟ್ಟಿದವನೇ. ಆಸ್ಪತ್ರೆಯಿಂದ ಬಂದ ಮೂರನೇ ದಿನ, ಹರಕೆ ಬಾಕಿ ಇಡಬಾರದು ಅಂತ ಬಸ್ಸಿನಲ್ಲಿ ಜಾತ್ರೆಗೆ ಹೊತ್ತುಕೊಂಡು ಹೋದೆವು. ವಾಪಸ್ಸು ಬರುವಷ್ಟರಲ್ಲಿ ಪಾದ ಐಸಿನಂತೆ ತಣ್ಣಗಾಗಿತ್ತು, ಮೊಲೆ ಚೀಪುವ ಶಕ್ತಿಯೂ ಉಳಿದಿರಲಿಲ್ಲ. ಮತ್ತೆ ಹನ್ನೆರಡು ದಿನ ಆಸ್ಪತ್ರೆ. ನರ್ಸಮ್ಮ ಅಂತ ಊರೂರು ತಿರುಗಿ ಬಾಣಂತಿಯರಿಗೆ ಬುದ್ಧಿ ಹೇಳುತ್ತಿದ್ದವಳು ನಾನು, ನನ್ನ ಮನೆಯಲ್ಲಿ ಬಾಯಿ ಬಿಡಲಿಲ್ಲ. ಇವತ್ತಿಗೂ ಅದು ನನ್ನ ಮನಸ್ಸಿನಿಂದ ಹೋಗಿಲ್ಲ.

ಈಗ ನಿನ್ನ ಕೈಯಲ್ಲಿರುವುದು ಕಾಂಗರೂ ಆರೈಕೆ, ಅಂದರೆ ಕೂಸನ್ನು ಬರಿ ಎದೆಗೆ ಮೈ ತಾಗುವಂತೆ ಕಟ್ಟಿಕೊಂಡು ಬೆಚ್ಚಗಿಡುವುದು. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಒಂದೊಂದು ಪೆಟ್ಟಿಗೆಯಲ್ಲಿ ಎರಡು ಮೂರು ಕೂಸು ಮಲಗಿಸುವಷ್ಟು ಇನ್‌ಕ್ಯುಬೇಟರ್ ಕೊರತೆ ಇದ್ದಾಗ, ಎಡ್ಗರ್ ರೇ ಎಂಬ ಡಾಕ್ಟರು ತಾಯಂದಿರ ಎದೆಗೇ ಮಕ್ಕಳನ್ನು ಕಟ್ಟಿಸಿದರು. ಇವತ್ತು ಯಂತ್ರವಿರುವ ಕಡೆಯೂ ಅದನ್ನೇ ಮಾಡಿಸುತ್ತಾರೆ. ಟೋಪಿ, ಕಾಲುಚೀಲ, ಡಯಾಪರ್ ಬಿಟ್ಟು ಬೇರೆ ಬಟ್ಟೆ ಬೇಡ. ಕಾಲು ಕಪ್ಪೆಯ ಹಾಗೆ ಮಡಿಸಿ, ಮುಖ ಒಂದು ಪಕ್ಕಕ್ಕೆ ಹೊರಳಿಸಿ, ಮೂಗು ಬಾಯಿ ಮುಚ್ಚದಂತೆ ನೋಡಿಕೊಂಡು ಎದೆಯ ನಡುವೆ ನೆಟ್ಟಗೆ ಕಟ್ಟಿಕೋ. ದಿನಕ್ಕೆ ಎಂಟು ಗಂಟೆಗೆ ಕಡಿಮೆಯಾಗದಿರಲಿ, ಹೆಚ್ಚಾದಷ್ಟೂ ಒಳ್ಳೆಯದು. ನಿನಗೆ ಬೆನ್ನು ನೋವು ಬಂದರೆ ಅಳಿಯಂದಿರು ಅಂಗಿ ಬಿಚ್ಚಿ ಕೂರಲಿ, ಅಪ್ಪನ ಎದೆಯೂ ಬೆಚ್ಚಗೇ ಇರುತ್ತದೆ.

ಮಧ್ಯೆ ಮಧ್ಯೆ ಉಸಿರಾಡುವುದನ್ನೇ ಮರೆತಂತೆ ಕೂಸು ಸುಮ್ಮನಾಗುತ್ತದೆ, ಮಾನಿಟರ್ ಕೂಗುತ್ತದೆ. ಸಿಸ್ಟರ್ ಬಂದು ಬೆರಳಿನಲ್ಲಿ ಅಂಗಾಲು ಮೆಲ್ಲಗೆ ಉಜ್ಜಿದರೆ ಮತ್ತೆ ಎದೆ ಏಳುತ್ತದೆ. ಅಷ್ಟು ಹೊತ್ತು ನಿನ್ನ ಜೀವ ಬಾಯಿಗೆ ಬಂದಿರುತ್ತದೆ, ನನಗೆ ಗೊತ್ತು. ದಿನ ಕಳೆದಂತೆ ಅದು ಕಡಿಮೆಯಾಗುತ್ತದೆ.

ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಒಂದಕ್ಕೊಂದು ಹೊಂದಿಕೊಳ್ಳಲು ಬಸಿರಿನ ಲೆಕ್ಕದಲ್ಲಿ ಸುಮಾರು 34 ವಾರ ಆಗಬೇಕು. ಅಲ್ಲಿಯವರೆಗೆ ಹಾಲು ಹಿಂಡಿ ಕೊಡುತ್ತಿರು, ಅವರು ನಳಿಕೆಯಲ್ಲಿ ಹಾಕುತ್ತಾರೆ, ಆಮೇಲೆ ಒಳಲೆ, ಕೂಸಿಗೆ ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲು. ನಿಮ್ಮಜ್ಜಿಯ ಬೆಳ್ಳಿ ಒಳಲೆ ನನ್ನ ಹತ್ತಿರವೇ ಇದೆ, ಮೂತಿ ಸ್ವಲ್ಪ ಸೊಟ್ಟಗಾಗಿದೆ, ನೀನೂ ಅದರಲ್ಲೇ ಕುಡಿದವಳು. ಪ್ರತಿ ಸಲ ಕುದಿಸಿ ಬಳಸಬೇಕು. ಅದರಲ್ಲಿ ನಿನ್ನ ಹಾಲು ಬಿಟ್ಟು ಜೇನುತುಪ್ಪ, ಬಜೆ, ಏನೂ ಬೇಡ. ನಿಮ್ಮತ್ತೆಗೆ ನಾನೇ ತಿಳಿಸಿ ಹೇಳುತ್ತೇನೆ, ಬೀಗಿತ್ತಿ ನನ್ನ ಮಾತು ತೆಗೆದುಹಾಕುವವರಲ್ಲ.

ಇನ್ನೊಂದು, ಕಣ್ಣಿನ ಪರೀಕ್ಷೆ. ಇಷ್ಟು ಬೇಗ ಹುಟ್ಟಿದವರಿಗೆ ಕಣ್ಣಿನ ಹಿಂಪರದೆಯ ರಕ್ತನಾಳ ಪೂರ್ತಿ ಬೆಳೆದಿರುವುದಿಲ್ಲ, ಮೇಲೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹುಟ್ಟಿದ 30 ದಿನದೊಳಗೆ ಆಗಲೇಬೇಕು. ಡಾಕ್ಟರು ಮರೆತರೂ ನೀನು ಕೇಳು.

ಮೊದಲ ವಾರ ತೂಕ ಇಳಿಯುವುದು ಸಹಜ, ತಕ್ಕಡಿ ನೋಡಿ ಎದೆ ಒಡೆದುಕೊಳ್ಳಬೇಡ. ಏರಲು ಶುರುವಾದ ದಿನ ಎಷ್ಟು ಹೊತ್ತಾದರೂ ಸರಿ, ನನಗೆ ಫೋನ್ ಮಾಡು. ಬುಧವಾರ ಮೊದಲ ಬಸ್ಸಿಗೆ ಒಳಲೆ ಹಿಡಿದುಕೊಂಡು ಬರುತ್ತಿದ್ದೇನೆ.

ನಿನ್ನ ದೊಡ್ಡಮ್ಮ