ಬೆಂಗಳೂರಿಗೆ 35 ನಿಮಿಷ ಎಂಬ ಲೆಕ್ಕ ನಂಬಿ ಹೊರಡಬೇಡಿ

ಮಾನ್ಯ ಸಂಪಾದಕರೇ,

ಕಲಬುರಗಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು ಎಂದು ಮೊಬೈಲಿನಲ್ಲಿ ಲೆಕ್ಕ ಹಾಕಿದರೆ 35 ನಿಮಿಷದ ಆಸುಪಾಸು ಉತ್ತರ ಬರುತ್ತದೆ. ಟಿಕೆಟ್ ನೋಡಿದರೆ ಒಂದು ಗಂಟೆಗೂ ಹೆಚ್ಚು. ಆಸ್ಪತ್ರೆಗೋ ಸಂದರ್ಶನಕ್ಕೋ ಹೊರಟವರು ಮೊದಲನೆಯದನ್ನು ನಂಬಿದರೆ ಕೆಲಸ ಕೆಡುತ್ತದೆ.

ಎರಡು ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 460 ಕಿ.ಮೀ. ಅದನ್ನು ಜೆಟ್ ವಿಮಾನದ ವೇಗವಾದ ಗಂಟೆಗೆ 800 ಕಿ.ಮೀ.ಯಿಂದ ಭಾಗಿಸಿದಾಗ ಬರುವುದೇ ಈ 35. ದೂರ ಸರಿಯಾಗಿದೆ, ಇಡೀ ದಾರಿಗೆ ಅದೇ ವೇಗ ಹಿಡಿದದ್ದೇ ತಪ್ಪು. ವಿಮಾನ 10,000 ಅಡಿ ದಾಟುವ ತನಕ ಗಂಟೆಗೆ ಸುಮಾರು 460 ಕಿ.ಮೀ. ಮೀರುವಂತಿಲ್ಲ. ಇಳಿಯುವಾಗ ಪ್ರತಿ ಸಾವಿರ ಅಡಿಗೆ ಸುಮಾರು ಮೂರು ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಎಂದರೆ 1.85 ಕಿ.ಮೀ.) ಬೇಕು. 30,000 ಅಡಿಯಿಂದ ಇಳಿಯಲು 90 ನಾಟಿಕಲ್ ಮೈಲಿ, ಅಂದರೆ 167 ಕಿ.ಮೀ. ಏರುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೋಯಿತೆಂದರೆ ಪೂರ್ಣ ವೇಗದ ಹಾರಾಟಕ್ಕೆ ಉಳಿಯುವುದು ಹತ್ತು ನಿಮಿಷ ಮಾತ್ರ. ಇನ್ನೊಂದು ಸಂಗತಿ: ದಾರಿ ಉತ್ತರ–ದಕ್ಷಿಣ, ಆದರೆ ಎರಡೂ ಕಡೆಯ ರನ್‌ವೇ ಪೂರ್ವ–ಪಶ್ಚಿಮ. ಹೊರಡುವಾಗಲೂ ಇಳಿಯುವಾಗಲೂ ತಿರುವು ಹಾಕಲೇಬೇಕು. ಬೆಂಗಳೂರಿನಲ್ಲಿ ನೆಲದ ಮೇಲೆ ಓಡುವುದಕ್ಕೇ 10–15 ನಿಮಿಷ. ಎಟಿಆರ್‌ನಂಥ ಪಂಖದ ವಿಮಾನವಾದರೆ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು, ಹೊತ್ತು ಇನ್ನೂ ಹೆಚ್ಚು.

ಅಳತೆಯ ಗೊಂದಲವೂ ಉಂಟು. ಇದೇ ದೂರ ಒಂದು ಕಡೆ 287 ಮೈಲಿ, ಇನ್ನೊಂದು ಕಡೆ 250 ನಾಟಿಕಲ್ ಮೈಲಿ ಎಂದಿರುತ್ತದೆ. ಆ 250ನ್ನು ಕಿಲೋಮೀಟರ್ ಎಂದುಕೊಂಡರೆ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ.

ನಿಜವಾದ ಲೆಕ್ಕ ಮನೆ ಬಾಗಿಲಿನಿಂದ ಶುರುವಾಗಬೇಕು. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದಿಂದ ಸೇಡಂ ರಸ್ತೆಯ ವಿಮಾನ ನಿಲ್ದಾಣಕ್ಕೆ ಅರ್ಧ ಗಂಟೆ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುವುದರಿಂದ ಒಂದೂವರೆ ಗಂಟೆ ಮುಂಚೆ ಅಲ್ಲಿರಬೇಕು. ಹಾರಾಟ 75 ನಿಮಿಷ, ಇಳಿದು ಬ್ಯಾಗು ಹಿಡಿಯಲು 25. ದೇವನಹಳ್ಳಿ ಕಡೆಯಿಂದ ಮೆಜೆಸ್ಟಿಕ್‌ಗೆ ಸುಮಾರು 36 ಕಿ.ಮೀ., ಸಂಚಾರ ದಟ್ಟಣೆಯಲ್ಲಿ ಒಂದೂವರೆ ಗಂಟೆ. ಒಟ್ಟು ಐದು ಗಂಟೆ ಹತ್ತು ನಿಮಿಷ. ಯಾದಗಿರಿಯಿಂದ ಬರುವವರು ಕಲಬುರಗಿ ನಿಲ್ದಾಣ ಮುಟ್ಟಲು ಅರ್ಧ ಗಂಟೆಯ ಬದಲು ಎರಡು ಗಂಟೆ ಹಿಡಿಯಬೇಕು. ರಾತ್ರಿಯಿಡೀ ರೈಲಿನಲ್ಲಿ ಕೂರುವುದಕ್ಕಿಂತ ಇದು ಎಷ್ಟೋ ಮೇಲು, ವಿಶೇಷವಾಗಿ ರೋಗಿಗಳಿಗೆ. ಆದರೆ ಬೆಳಗಿನ ವಿಮಾನ ಹತ್ತಿ ಹತ್ತು ಗಂಟೆಗೇ ವೈದ್ಯರ ಮುಂದೆ ಕೂರುತ್ತೇನೆ ಎನ್ನುವಂತಿಲ್ಲ.

ಬೀದರಿನವರಿಗೆ ಇನ್ನೊಂದು ಎಚ್ಚರಿಕೆ. ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣ ನೇರ ದೂರದಲ್ಲಿ ಸುಮಾರು 125 ಕಿ.ಮೀ. ಎಂದು ಕಂಡರೂ ರಸ್ತೆಯಲ್ಲಿ ಮೂರು ಗಂಟೆಯಾದರೂ ಬೇಕು.

ತಮ್ಮ ಪತ್ರಿಕೆ ವಿಮಾನಗಳ ವೇಳಾಪಟ್ಟಿ ಪ್ರಕಟಿಸುವಾಗ ಹಾರಾಟದ ನಿಮಿಷಗಳ ಬದಲು ಹೊರಡುವ ಮತ್ತು ತಲುಪುವ ಗಂಟೆ ಹಾಕಿ, ಪಕ್ಕದಲ್ಲೇ ಕೌಂಟರ್ ಮುಚ್ಚುವ ಹೊತ್ತನ್ನೂ ಕೊಡಬೇಕೆಂದು ವಿನಂತಿ.

ಒಬ್ಬ ಓದುಗ, ಕಲಬುರಗಿ