ಇನ್ನೊಬ್ಬರ ಮನೆಯ ನಾಯಿ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಕಾಸರಗೋಡಿನ ಹೊಸ ಬಸ್‌ಸ್ಟಾಂಡಿನ ಹತ್ತಿರ ಸಿಕ್ಕಿದ ಕಂದು ಬಣ್ಣದ ಹೆಣ್ಣು ನಾಯಿಯನ್ನು ನೀನು ವಿದ್ಯಾನಗರದ ಬಾಡಿಗೆ ಮನೆಗೆ ತಂದಿದ್ದೀಯಂತೆ. ಗುಣ ಮಾಡಿ, ಒಳ್ಳೆಯ ಮನೆ ನೋಡಿ ಕೊಡುತ್ತೀಯಂತೆ. ಬಹಳ ಸಂತೋಷ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ ಅರ್ಧ ಬಿಡುವವಳು ನೀನು, ಅದಕ್ಕೆ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅದು ನಿನ್ನ ನಾಯಿ ಅಲ್ಲ. ಯಾರದೋ ಮನೆಯ ನಾಯಿ, ಆ ಮನೆ ಯಾವುದು ಅಂತ ಇನ್ನೂ ಗೊತ್ತಾಗಿಲ್ಲ ಅಷ್ಟೆ. ಫಾಸ್ಟರ್ ಮಾಡುವವರು, ಅಂದರೆ ಕಾಯಂ ಮನೆ ಸಿಗುವವರೆಗೆ ನಾಯಿ ಸಾಕುವವರು, ಹೆಚ್ಚಾಗಿ ಎಡವುವುದು ಇಲ್ಲೇ. ಪಾಪ ಅಂತ ಹಾಸಿಗೆಯಲ್ಲಿ ಮಲಗಿಸುತ್ತಾರೆ. ಕೈತುತ್ತು ಕೊಡುತ್ತಾರೆ. ಒಂದು ಗಳಿಗೆ ಬಿಟ್ಟಿರುವುದಿಲ್ಲ. ಕೊನೆಗೆ ತೆಗೆದುಕೊಂಡು ಹೋದವರು ವಾರದೊಳಗೆ ವಾಪಸ್ ತಂದರೆ ಅವರನ್ನೇ ಬಯ್ಯುತ್ತಾರೆ. ನಾಯಿಗೆ ನಿನ್ನ ಮನೆ ಒಗ್ಗಿದರೆ ಸಾಲದು, ಮಾರಾಯ್ತಿ. ನಮ್ಮೂರಿನ ಯಾವುದಾದರೂ ಒಂದು ಸಾಮಾನ್ಯ ಮನೆ ಒಗ್ಗಬೇಕು.

ನಾಯಿಗಿಂತ ಮುಂಚೆ ನಿನ್ನ ಇಂಜೆಕ್ಷನ್ ಆಗಬೇಕು. ಬೀದಿನಾಯಿಗಳನ್ನು ಮುಟ್ಟುವ ಕೆಲಸ ಹಿಡಿದ ಮೇಲೆ ಕಚ್ಚುವುದಕ್ಕೆ ಕಾಯಬಾರದು. ಮೊದಲ ದಿನ, ಏಳನೆಯ ದಿನ, ಮತ್ತೆ 21ನೆಯ ಅಥವಾ 28ನೆಯ ದಿನ, ಹೀಗೆ ಮೂರು ಸಲ ರೇಬೀಸ್ ಲಸಿಕೆ. ಇದು ಆಗಿದ್ದರೆ ಮುಂದೆ ಕಚ್ಚಿದಾಗ ಎರಡೇ ಇಂಜೆಕ್ಷನ್ ಸಾಕಾಗುತ್ತದೆ, ಗಾಯದೊಳಗೆ ಚುಚ್ಚುವ ಸೀರಂ ಬೇಕಾಗುವುದಿಲ್ಲ. ಆದರೂ ಹಲ್ಲು ತಾಗಿದರೆ, ಗೀರಿದರೆ, ಮೊದಲು ನಲ್ಲಿಯ ಕೆಳಗೆ ಹಿಡಿದು ಹದಿನೈದು ನಿಮಿಷ ಸೋಪು ಹಾಕಿ ತೊಳೆ. ಅರಸಿನ, ಸುಣ್ಣ, ಕಾಫಿಪುಡಿ ಏನೂ ಹಚ್ಚಬೇಡ. ಆಮೇಲೆ ಸೀದಾ ಆಸ್ಪತ್ರೆ.

2025ರಲ್ಲಿ ಕೇರಳದಲ್ಲಿ ಲಸಿಕೆ ಹಾಕಿಸಿಕೊಂಡ ಮಕ್ಕಳೂ ರೇಬೀಸಿನಿಂದ ತೀರಿಹೋದದ್ದು ನಿನಗೆ ನೆನಪಿರಬಹುದು. ಅದನ್ನೇ ಹಿಡಿದುಕೊಂಡು ಇಂಜೆಕ್ಷನ್ನೇ ಪ್ರಯೋಜನ ಇಲ್ಲ ಅಂತ ಹೇಳುವವರು ಇಲ್ಲಿ ಜಾಸ್ತಿ ಆಗಿದ್ದಾರೆ. ಅದು ತಪ್ಪು ಮಾತು. ತಲೆ, ಮುಖ, ಕೈಬೆರಳಿನಂಥ ನರ ಹೆಚ್ಚಿರುವ ಕಡೆ ಕಚ್ಚಿದರೆ ವೈರಸ್ ನರಕ್ಕೆ ಬೇಗ ಹತ್ತಬಹುದು, ಲಸಿಕೆ ಕೆಲಸ ಶುರು ಮಾಡುವುದಕ್ಕೆ ಮಾತ್ರ ದಿನ ಬೇಕು. ಅದಕ್ಕೇ ಮುಂಚೆ ಹಾಕಿಸಿಕೋ ಅನ್ನುವುದು.

ಇನ್ನು ನಾಯಿಯ ಆರೋಗ್ಯ. ಎರಡು ವಾರ ಅದನ್ನು ಬೇರೆ ಯಾವ ನಾಯಿಯ ಹತ್ತಿರಕ್ಕೂ ಬಿಡಬೇಡ. ಮನೆ ಯಜಮಾನರ ಹತ್ತಿರ ಮರಿ ಉಂಟು ಅಂತ ಕೇಳಿದೆ, ಆ ಮರಿಗೆ ಪಾರ್ವೊ ಅನ್ನುವ ವಾಂತಿಭೇದಿಯ ರೋಗ ಬಂದರೆ ನಿನ್ನ ಬಾಡಿಗೆ ಮನೆಯೂ ಹೋದೀತು. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಫಿನಾಯಿಲಿಗೆ ಸಾಯುವುದಿಲ್ಲ, ಬ್ಲೀಚಿಗೆ ಸಾಯುತ್ತದೆ. ನೆಲವನ್ನು ಮೊದಲು ಸೋಪುನೀರಿನಲ್ಲಿ ತೊಳೆದು ಆಮೇಲೆ ಬ್ಲೀಚ್ ನೀರು ಹಾಕು, ಹತ್ತು ನಿಮಿಷ ಹಾಗೇ ಬಿಡು, ಚೆನ್ನಾಗಿ ತೊಳೆದು ಒಣಗಿದ ಮೇಲೆ ನಾಯಿಯನ್ನು ಬಿಡು. ಹುಳದ ಮಾತ್ರೆ, ರೇಬೀಸ್ ಇಂಜೆಕ್ಷನ್, ಹಲವು ರೋಗಗಳಿಗೆ ಒಟ್ಟಿಗೆ ಹಾಕುವ ಸೆವೆನ್ ಇನ್ ಒನ್ ಲಸಿಕೆ, ಇದೆಲ್ಲ ಮೃಗಾಸ್ಪತ್ರೆಯಲ್ಲಿ ಡಾಕ್ಟರು ಹೇಳಿದ ಕ್ರಮದಲ್ಲಿ ಆಗಲಿ. ನಮ್ಮ ಮಳೆಗಾಲದಲ್ಲಿ ಇಲಿಜ್ವರ ನಾಯಿಗೂ ಬರುತ್ತದೆ, ನಾಯಿಯಿಂದ ನಿನಗೂ ಬರಬಹುದು. ಮೂತ್ರ ಒರೆಸುವಾಗ ಕೈಗೆ ಗ್ಲೌಸ್ ಇರಲಿ.

ಉಣ್ಣಿಯನ್ನು ಮಾತ್ರ ಹಗುರ ಎಣಿಸಬೇಡ. ಮೈಮೇಲಿನ ಉಣ್ಣಿ ಹೆಕ್ಕಿ ಸೀಮೆಎಣ್ಣೆಗೆ ಹಾಕಿದರೆ ಮುಗಿಯಿತು ಅಂತ ನಮ್ಮವರ ಲೆಕ್ಕ. ಉಣ್ಣಿಜ್ವರ ರಕ್ತದೊಳಗೆ ಇರುತ್ತದೆ. ಊಟ ಬಿಟ್ಟರೆ, ವಸಡು ಬಿಳಿಚಿಕೊಂಡರೆ, ಮೂಗಿನಲ್ಲಿ ರಕ್ತ ಬಂದರೆ ಅದೇ ದಿನ ರಕ್ತಪರೀಕ್ಷೆ ಮಾಡಿಸು. ಮಾತ್ರೆ ವಾರಗಟ್ಟಲೆ ತಿನ್ನಿಸಬೇಕಾಗುತ್ತದೆ, ಚುರುಕಾಯಿತು ಅಂತ ನಡುವೆ ನಿಲ್ಲಿಸಬೇಡ.

ಅದರ ಕಿವಿ ನೋಡಿದೆಯಾ? ತುದಿ ಕತ್ತರಿಸಿದ್ದರೆ ಮರಿ ಆಗದ ಹಾಗೆ ಮಾಡುವ ಆಪರೇಶನ್ ಆಗಿದೆ ಅಂತ ಅರ್ಥ. ಆಗಿಲ್ಲದಿದ್ದರೆ ಕೊಡುವ ಮುಂಚೆ ನೀನೇ ಮಾಡಿಸು. 'ನಾವು ಆಮೇಲೆ ಮಾಡಿಸುತ್ತೇವೆ' ಅನ್ನುವ ಮಾತನ್ನು ನಾನು ಯಾರಿಂದಲೂ ನಂಬುವುದಿಲ್ಲ, ನಮ್ಮ ನೆಂಟರಿಂದಲೂ ಇಲ್ಲ. ಹೆಣ್ಣು ಮರಿಗಳನ್ನು ಗೋಣಿಚೀಲದಲ್ಲಿ ತುಂಬಿ ಪೇಟೆಯ ಹತ್ತಿರ ಬಿಟ್ಟು ಬರುವವರೆಲ್ಲ ಕೆಟ್ಟವರಲ್ಲ, ಆಮೇಲೆ ಮಾಡಿಸುತ್ತೇನೆ ಅಂದುಕೊಂಡವರೇ.

ಈಗ ನನಗೆ ಮುಖ್ಯ ಅನಿಸುವ ವಿಷಯಕ್ಕೆ ಬರುತ್ತೇನೆ. ಆ ನಾಯಿಯನ್ನು ತೆಗೆದುಕೊಂಡು ಹೋಗುವವರು ಯಾರು? ಪೇಟೆಯ ಫ್ಲಾಟಿನವರು ಒಬ್ಬಿಬ್ಬರು ಇರಬಹುದು. ಉಳಿದವರೆಲ್ಲ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ಮನೆಯವರು. ಆ ಮನೆಯನ್ನು ಕಣ್ಣಮುಂದೆ ತಂದುಕೋ. ಅಂಗಳದಲ್ಲಿ ತುಳಸಿಕಟ್ಟೆ. ನವೆಂಬರ್ ಬಂತು ಅಂದರೆ ಅಂಗಳ ತುಂಬ ಹರವಿದ ಅಡಕೆ. ಬೆಳಿಗ್ಗೆ ಬೆಳಿಗ್ಗೆ ಕತ್ತಿ ಹಿಡಿದುಕೊಂಡು, ತಲೆಗೆ ಹಾಳೆಯ ಟೊಪ್ಪಿ (ಮುಟ್ಟಾಳೆ) ಇಟ್ಟುಕೊಂಡು ಬರುವ ಕೆಲಸದವರು. ಹಟ್ಟಿಯಲ್ಲಿ ದನ, ಹಿತ್ತಿಲಲ್ಲಿ ಕೋಳಿ. ತಗಡಿನ ಮಾಡಿಗೆ ಧಡಾರ್ ಅಂತ ಬೀಳುವ ತೆಂಗಿನಕಾಯಿ. ಸಂಜೆ ಜಾಗಟೆ. ಬಸ್‌ಸ್ಟಾಂಡಿನ ಗಲಾಟೆ ಅಭ್ಯಾಸ ಇರುವ ನಾಯಿಗೆ ಇದರಲ್ಲಿ ಅರ್ಧದಷ್ಟು ಹೊಸದು.

ಮೂತ್ರಕ್ಕೆ ಒಂದೇ ಮೂಲೆಗೆ, ಒಂದೇ ಹೊತ್ತಿಗೆ ಕರೆದುಕೊಂಡು ಹೋಗು. ಎದ್ದ ಕೂಡಲೇ, ಉಂಡ ಕೂಡಲೇ, ಆಡಿದ ಕೂಡಲೇ. ಅಲ್ಲಿ ಮಾಡಿದರೆ ಆಗಲೇ ಒಂದು ಚೂರು ತಿಂಡಿ. ಒಳಗೆ ಮಾಡಿದರೆ ಸುಮ್ನೆ ಒರೆಸು, ಮೂಗು ತಿಕ್ಕುವ ಪದ್ಧತಿ ಬೇಡ. ಅದರಿಂದ ನಾಯಿ ಕಲಿಯುವುದು ಅಡಗಿಕೊಂಡು ಮಾಡುವುದನ್ನು ಮಾತ್ರ. ಒಂದು ನಾಯಿ ತುಳಸಿಕಟ್ಟೆಗೆ ಕಾಲೆತ್ತಿತು ಅಂದರೆ ನಮ್ಮ ಕಡೆ ಅದರ ಕತೆ ಅಲ್ಲಿಗೆ ಮುಗಿಯಿತು. ಹಾಗೆಯೇ ಒಂದು ಗೆರೆ ದಾಟದೆ ನಿಲ್ಲುವುದನ್ನು ಕಲಿಸು. ನಿನ್ನ ಬಾಗಿಲ ಹೊಸ್ತಿಲಲ್ಲೇ ಶುರು ಮಾಡಬಹುದು. ಹೊಸ್ತಿಲಿನಲ್ಲಿ ನಿಲ್ಲುವುದು ಕಲಿತ ನಾಯಿಗೆ ಅಡಕೆ ಹರವಿದ ಅಂಗಳದ ಅಂಚಿನಲ್ಲಿ ನಿಲ್ಲುವುದನ್ನು ಕಲಿಸುವುದು ಕಷ್ಟ ಅಲ್ಲ.

ಕೋಳಿ ದೊಡ್ಡ ಪರೀಕ್ಷೆ. ಹಳ್ಳಿಯಿಂದ ನಾಯಿ ವಾಪಸ್ ಬರುವುದಕ್ಕೆ ಕೋಳಿಯಷ್ಟು ದೊಡ್ಡ ಕಾರಣ ಇನ್ನೊಂದಿಲ್ಲ. ಉದ್ದದ ಹಗ್ಗ ಕಟ್ಟಿ, ದೂರದಿಂದ ಕೋಳಿ ತೋರಿಸು. ನೋಡುತ್ತದೆ, ಆದರೆ ಎಳೆಯುವುದಿಲ್ಲ, ಅಷ್ಟು ದೂರ. ಹೆಸರು ಕರೆ. ನಿನ್ನ ಕಡೆ ತಿರುಗಿದರೆ ತಿಂಡಿ ಕೊಡು. ದಿನ ಕಳೆದ ಹಾಗೆ ಸ್ವಲ್ಪ ಸ್ವಲ್ಪ ಹತ್ತಿರ ಹೋಗು. ಒಂದು ಸಲವೂ ಅಟ್ಟಿಸಿಕೊಂಡು ಹೋಗಲು ಬಿಡಬೇಡ, ಓಡಿಸುವ ಖುಷಿಯೇ ಅದಕ್ಕೆ ಬಹುಮಾನ ಆಗಿಬಿಡುತ್ತದೆ. ಕೊನೆಗೂ ಎಳೆಯುತ್ತಲೇ ಇದ್ದರೆ ಕೋಳಿ ಇರುವ ಮನೆಗೆ ಕೊಡಬೇಡ, ಅಷ್ಟೆ. ಕೋಳಿ ಇಲ್ಲದ ಮನೆಗಳೂ ಬೇಕಾದಷ್ಟು ಉಂಟು.

ಕರೆದಾಗ ಬರುವುದು, ಕೂರುವುದು, ನಿಲ್ಲುವುದು, ಇವನ್ನೆಲ್ಲ ಬಾಯಿಮಾತಿನ ಜೊತೆಗೆ ಕೈಸನ್ನೆಯಲ್ಲೂ ಕಲಿಸು. ಅದು ಹೋಗುವ ಮನೆಯಲ್ಲಿ ತುಳು ಇರಬಹುದು, ಮಲಯಾಳ, ಕೊಂಕಣಿ, ಮರಾಠಿ ಇರಬಹುದು, ನಮ್ಮೂರು ಅಂಥದ್ದು. ಕೈ ಎಲ್ಲರಿಗೂ ಒಂದೇ.

ಊಟದ ಬಗ್ಗೆ ನೀನು ಜಗಳಕ್ಕೆ ಬರುತ್ತೀಯ ಅಂತ ಗೊತ್ತು. ದಿನಾ ಕೋಳಿ ಬೇಯಿಸಿ ಹಾಕಿ ಅಭ್ಯಾಸ ಮಾಡಿದರೆ ಅನ್ನ ತಿನ್ನುವ ಮನೆಯಲ್ಲಿ ಅದು ತಟ್ಟೆ ಮೂಸಿ ಹೋಗುತ್ತದೆ. ಹಾಗಂತ ಬರೀ ಮೊಸರನ್ನ ಸಾಲದು, ನಾಯಿಗೆ ಪ್ರೋಟೀನ್ ಬೇಕು. ಅನ್ನದ ಜೊತೆ ಮೊಟ್ಟೆ, ಸ್ವಲ್ಪ ಡ್ರೈ ಫುಡ್, ಒಮ್ಮೊಮ್ಮೆ ಉಪ್ಪು ಹಾಕದ ಮೀನು, ಹೀಗೆ ಎಲ್ಲವೂ ರೂಢಿಯಾಗಲಿ. ಮೊಟ್ಟೆ ಒಳಗೆ ಬರಬಾರದ ಮನೆಯವರಿಗೆ ನಾನು ಹೊರಗಿನ ಒಲೆ ತೋರಿಸುತ್ತೇನೆ. ನಮ್ಮಲ್ಲಿ ಅಲ್ಲೇ ಬೇಯುವುದು, ಯಾರ ಮಡಿಯೂ ಕೆಟ್ಟಿಲ್ಲ. ಈರುಳ್ಳಿ, ದ್ರಾಕ್ಷಿ, ಚಾಕಲೇಟ್, ಬೇಯಿಸಿದ ಎಲುಬು ಬೇಡವೇ ಬೇಡ.

ಒಂಟಿಯಾಗಿ ಇರುವುದನ್ನು ಕಲಿಸುವುದು ನಿನಗೆ ಎಲ್ಲಕ್ಕಿಂತ ಕಷ್ಟ ಆಗುತ್ತದೆ. ಅದು ಅಳುತ್ತದೆ, ನೀನೂ ಅಳುತ್ತೀಯ. ಮೊದಲು ಎರಡು ನಿಮಿಷ ಹೊರಗೆ ಹೋಗಿ ಬಾ, ಆಮೇಲೆ ಹತ್ತು, ಆಮೇಲೆ ಅರ್ಧ ಗಂಟೆ. ಹೋಗುವಾಗ ಬೀಳ್ಕೊಡುಗೆ ಬೇಡ, ಬಂದಾಗ ಸಂಭ್ರಮ ಬೇಡ. ಪಟಾಕಿಗೂ ಹೀಗೆಯೇ. ವಿಷುವಿಗೆ, ದೀಪಾವಳಿಗೆ ಊರೆಲ್ಲ ಹೊಡೆಯುತ್ತಾರೆ, ಕುಂಬಳೆ ಜಾತ್ರೆಯ ಬೆಡಿ (ಸಿಡಿಮದ್ದು) ಎಷ್ಟು ದೂರಕ್ಕೆ ಕೇಳುತ್ತದೆ ನಿನಗೇ ಗೊತ್ತಲ್ವಾ. ಊಟ ಮಾಡುವಾಗ ಫೋನಿನಲ್ಲಿ ಪಟಾಕಿ ಸದ್ದು ತೀರಾ ಮೆಲ್ಲಗೆ ಹಾಕು. ಹೆದರಿದರೆ ಇನ್ನೂ ಕಡಿಮೆ ಮಾಡು, ಅವಸರ ಬೇಡ.

ಮೈ ಮುಟ್ಟಿಸಿಕೊಳ್ಳುವುದೂ ಕಲಿಕೆಯೇ. ಕಿವಿ, ಪಾದ, ಬಾಯಿ, ಬಾಲದ ಬುಡ. ಡಾಕ್ಟರ ಮೇಜಿನ ಮೇಲೆ ಕಚ್ಚದ ನಾಯಿಗೆ ಆಯುಸ್ಸು ಜಾಸ್ತಿ.

ಮನೆ ನೋಡುವ ಹೊತ್ತಿಗೆ ಸಂಕೋಚ ಬಿಡು. ಹೋಗಿ ನೋಡದೆ ಕೊಡಬೇಡ. ಸಂಕೋಲೆ ಕಂಡ ಕೂಡಲೇ ಬೇಡ ಅನ್ನುವವರಿದ್ದಾರೆ. ನಾನು ಅಷ್ಟು ಕಟ್ಟುನಿಟ್ಟಲ್ಲ. ಕೆಲಸದವರು ಬರುವ ಹೊತ್ತಿಗೆ ಸ್ವಲ್ಪ ಕಟ್ಟುವ ಒಳ್ಳೆಯ ಮನೆಗಳು ಉಂಟು. ನಾನು ಕೇಳುವುದು ರಾತ್ರಿಯ ಕತೆ. ರಾತ್ರಿ ಎಲ್ಲಿ ಮಲಗುತ್ತದೆ, ಜಡಿಮಳೆಗೆ ಎಲ್ಲಿ ಹೋಗುತ್ತದೆ? ಮುಳಿಯಾರು, ಕಾರಡ್ಕ ಕಡೆ ಕಾಡಿನ ಅಂಚಿನ ಮನೆಗಳಿಂದ ಚಿರತೆ ನಾಯಿ ಒಯ್ದದ್ದನ್ನು ನೀನೂ ಪೇಪರಿನಲ್ಲಿ ಓದಿದ್ದೀಯ. ಹೊರಗೆ ಸಂಕೋಲೆಯಲ್ಲಿರುವ ನಾಯಿಗೆ ಓಡುವುದಕ್ಕೂ ಆಗುವುದಿಲ್ಲ. ರಾತ್ರಿ ಬಾಗಿಲು ಹಾಕುವ ಗೂಡೋ ಜಗಲಿಯೋ ಇಲ್ಲದ ಮನೆ ನನ್ನ ಪಟ್ಟಿಯಲ್ಲಿ ಇಲ್ಲ. ಮನೆಯವರು ತಿಂಗಳುಗಟ್ಟಲೆ ಮಕ್ಕಳ ಹತ್ತಿರ ಬೆಂಗಳೂರಿಗೆ ಹೋಗುತ್ತಾರಾ, ಆಗ ಯಾರು ಅನ್ನ ಹಾಕುತ್ತಾರೆ, ಅದನ್ನೂ ಕೇಳು. ಮನೆಯ ಹೆಂಗಸರ ಹತ್ತಿರ ಬೇರೆಯಾಗಿ ಮಾತಾಡು. ನಾಯಿ ಬೇಕು ಅನ್ನುವುದು ಗಂಡಸರು, ತಟ್ಟೆ ತೊಳೆಯುವುದು ಇನ್ಯಾರೋ.

ನಾಯಿಯ ದೋಷ ಮೊದಲು ಹೇಳು, ಚಂದ ಆಮೇಲೆ. ತಟ್ಟೆಯ ಹತ್ತಿರ ಕೈ ಹಾಕಿದರೆ ಗುರ್ ಅನ್ನುತ್ತದೆ ಅಂತಾದರೆ ಅದನ್ನು ಮುಚ್ಚಿಡಬೇಡ, ಸಣ್ಣ ಮಕ್ಕಳಿರುವ ಮನೆಗೆ ಕೊಡಲೂ ಬೇಡ. ಕೇಳಿ ಹಿಂದೆ ಸರಿಯುವವರು ಸರಿಯಲಿ. ಗೊತ್ತಿದ್ದೂ ತೆಗೆದುಕೊಂಡವರು ಸುಲಭಕ್ಕೆ ವಾಪಸ್ ತರುವುದಿಲ್ಲ. ಲಸಿಕೆಯ ಕಾರ್ಡ್, ಆಪರೇಶನ್ನಿನ ಚೀಟಿ ಅವರ ಕೈಗೇ ಕೊಡು, ಪಂಚಾಯತಿನಲ್ಲಿ ನಾಯಿಗೆ ಲೈಸೆನ್ಸ್ ಮಾಡಿಸುವುದಕ್ಕೆ ಲಸಿಕೆಯ ಕಾಗದ ಬೇಕಾಗುತ್ತದೆ. ಆಗದಿದ್ದರೆ ನಿನಗೇ ತಂದುಕೊಡಬೇಕು, ದಾರಿಯಲ್ಲಿ ಬಿಡಬಾರದು ಅಂತ ಬರೆಸಿ ಸಹಿ ಹಾಕಿಸು.

ಯಾರೂ ಸಿಗದಿದ್ದರೆ ಸಿಕ್ಕಿದ ಜಾಗಕ್ಕೇ ಬಿಟ್ಟರಾಯಿತು ಅಂತ ನಿನ್ನ ಗೆಳತಿಯರು ಹೇಳಬಹುದು. 2023ರ ಎಬಿಸಿ ನಿಯಮದಲ್ಲಿ, ಅಂದರೆ ಬೀದಿನಾಯಿಗಳ ಸಂತಾನ ನಿಯಂತ್ರಣದ ನಿಯಮದಲ್ಲಿ, ಆಪರೇಶನ್ ಮಾಡಿ, ಲಸಿಕೆ ಹಾಕಿ ಹಿಡಿದ ಜಾಗಕ್ಕೇ ಬಿಡುವ ಕ್ರಮ ಉಂಟು, ನಿಜ. ಆದರೆ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಬಸ್‌ಸ್ಟಾಂಡು, ಆಸ್ಪತ್ರೆ, ಶಾಲೆ, ರೈಲ್ವೆ ಸ್ಟೇಶನ್‌ಗಳಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೇ ಬಿಡಬಾರದು ಅಂದಿದೆ. ನಿನ್ನದು ಬಸ್‌ಸ್ಟಾಂಡಿನ ನಾಯಿ. ಹಾಗಾಗಿ ಇದಕ್ಕೆ ಮನೆಯೇ ಆಗಬೇಕು, ತಡವಾದರೂ ಆಗಲಿ. ಕಣ್ಣೂರಿನ ಕಡೆಯ ಪರಶ್ಶಿನಿಕಡವಿನ ಮುತ್ತಪ್ಪ ದೇವರ ಗುಡಿಯಲ್ಲಿ ನಾಯಿಗೆ ಎಷ್ಟು ಮರ್ಯಾದೆ ನೋಡು. ಅಲ್ಲಿಗೆ ಹೋಗಿ ಕೈಮುಗಿದು ಬರುವವರೇ ಊರಿಗೆ ಬಂದು ನಾಯಿಗೆ ಕಲ್ಲು ಹೊಡೆಯುತ್ತಾರೆ. ಅಂಥವರ ಮನೆಗೂ ಹೋಗಿ ಕೇಳು, ನಾಚಿಕೆಗಾದರೂ ಒಬ್ಬರು ಒಪ್ಪಿಯಾರು.

ಕೊಟ್ಟ ದಿನ ಮೈಗೆ ಹಾರ್ನೆಸ್, ಕುತ್ತಿಗೆಗೆ ಬೆಲ್ಟ್, ಎರಡೂ ಇರಲಿ, ಎರಡಕ್ಕೂ ಹಗ್ಗ. ಹೊಸ ಮನೆಯಿಂದ ನಾಯಿ ತಪ್ಪಿಸಿಕೊಳ್ಳುವುದು ಮೊದಲ ದಿನಗಳಲ್ಲೇ. ಮೂರು ದಿನ ಹೆದರಿಕೆ, ಮೂರು ವಾರ ಹೊಂದಾಣಿಕೆ, ಮೂರು ತಿಂಗಳಿಗೆ ಮನೆಯದ್ದಾಗುತ್ತದೆ ಅನ್ನುವ ಲೆಕ್ಕ ಒಂದುಂಟು. ಎಲ್ಲ ನಾಯಿಗೂ ಹೊಂದುವುದಿಲ್ಲ, ಆದರೆ ಕರೆದುಕೊಂಡು ಹೋಗುವವರಿಗೆ ಹೇಳಿಡುವುದು ಒಳ್ಳೆಯದು, ನಾಲ್ಕನೆಯ ದಿನವೇ ಫೋನ್ ಮಾಡಿ ಊಟ ಬಿಟ್ಟಿದೆ ಅಂತ ಗಾಬರಿಪಡುವುದಿಲ್ಲ. ಅವರಿಗೆ ನೀನು ಫೋನ್ ಮಾಡು, ಆದರೆ ಮೂರು ವಾರ ನೋಡಲು ಹೋಗಬೇಡ.

ಬೇಸರ ಆಗುತ್ತದೆ. ಆಗಲಿ. ಇದನ್ನು ನೀನೇ ಇಟ್ಟುಕೊಂಡರೆ ಆ ಸಣ್ಣ ಮನೆಯಲ್ಲಿ ಮುಂದಿನದಕ್ಕೆ ಜಾಗ ಇರುವುದಿಲ್ಲ.

ನೀರ್ಚಾಲಿನ ಹತ್ತಿರದ ಒಂದು ಮನೆಯವರು ನನ್ನಲ್ಲಿ ನಾಯಿ ಕೇಳಿದ್ದಾರೆ. ಗಂಡು ಮರಿಯೇ ಬೇಕು ಅನ್ನುತ್ತಿದ್ದರು, ಈಗ ಆಪರೇಶನ್ ಆದ ಹೆಣ್ಣಾದರೂ ಅಡ್ಡಿ ಇಲ್ಲ ಅನ್ನುವಲ್ಲಿಗೆ ಬಂದಿದ್ದಾರೆ. ಜನ ಒಳ್ಳೆಯವರು, ಜಗಲಿಗೆ ಬಾಗಿಲು ಉಂಟು, ಆದರೆ ಕೋಳಿಗಳೂ ಉಂಟು. ನಿನ್ನದು ಕೋಳಿಯ ಹತ್ತಿರ ಹೇಗೆ ಅಂತ ನೋಡಿ ತಿಳಿಸು. ಅಲ್ಲಿಯವರೆಗೆ ಅವರ ಹತ್ತಿರ ನಾನು ಬಾಯಿ ಬಿಡುವುದಿಲ್ಲ.

ಇಂತಿ,
ನಿನ್ನ ದೊಡ್ಡಮ್ಮ